ಎ-ಸೊನ್ನೆ

ಅಳತೆಯ ಹೆಸರೇ ಸೊನ್ನೆ.
ಮೂವತ್ತಮೂರು ಇಂಚು ಅಗಲ, ನಲವತ್ತೇಳು ಉದ್ದ,
ಅದರೊಳಗೆ ನನ್ನ ನಾಲ್ಕು ವರ್ಷ,
ಬಾಯಾರಿನ ಗುಡ್ಡದ ಹದಿನೇಳು ಸುರಂಗ,
ಒಂದು ನಕ್ಷೆ, ಎರಡು ಕೋಷ್ಟಕ,
ಮಾರ್ಗದರ್ಶಕರ ಹೆಸರು ನನ್ನದಕ್ಕಿಂತ ದಪ್ಪ.

ಕಾಸರಗೋಡು ಹಳೆ ಬಸ್‌ಸ್ಟ್ಯಾಂಡಿನ ಹಿಂದೆ
ಮೀನು ಮಾರ್ಕೆಟಿಗೆ ಇಳಿಯುವ ಮೆಟ್ಟಿಲ ಮಗ್ಗುಲಲ್ಲಿ
ಉಸ್ಮಾನಿಚ್ಚನ ಅಂಗಡಿ.
ಫ್ಲೆಕ್ಸಿಗೆ ಸರ್ಕಾರದ ತಡೆ ಬರುವ ಮೊದಲಿನ ಮಾತಿದು.
ಗೋಡೆಗೊರಗಿ ನಿಂತಿದ್ದರು
ದುಬೈಯಿಂದ ಬಂದ ಮದುಮಗ,
ಎಲ್ಲದರಲ್ಲೂ ಎ ಪ್ಲಸ್ ತೆಗೆದ ಹುಡುಗಿಯರು,
ನಲವತ್ತನೇ ದಿನದ ಅಜ್ಜ,
ಸೆವೆನ್ಸ್ ಫುಟ್‌ಬಾಲಿನ ಗೋಲಿ.
ಎಲ್ಲರ ಮುಖಕ್ಕೂ ಒಂದೇ ಮಿರುಗು.

"ಪೇಪರಾ? ಬಟ್ಟೆಯಾ? ಫ್ಲೆಕ್ಸಾ?"

ನೂರ ಎಪ್ಪತ್ತು ಜಿಎಸ್ಸೆಮ್ಮು ಬೆರಳಿಗೆ ಬಾಳೆಲೆಯ ಹಾಗೆ,
ಇನ್ನೂರ ಇಪ್ಪತ್ತು ಹಪ್ಪಳದ ಹಾಗೆ, ಮಡಚಿದರೆ ಗೆರೆ ಬಿದ್ದದ್ದು ಬಿದ್ದದ್ದೇ.
ಬಟ್ಟೆಯಾದರೆ ಸೀರೆಯ ಜೊತೆ ಬ್ಯಾಗಿಗೆ ಹೋಗುತ್ತದೆ,
ಪುಣೆಯವರೆಗೆ ರೈಲಿನಲ್ಲಿ ಕೊಳವೆ ಹೊರುವುದು ತಪ್ಪುತ್ತದೆ.
ರೇಟು ಕೇಳಿ
ಬಟ್ಟೆಯನ್ನು ಮಡಚಿದ ಹಾಗೆಯೇ ಮೇಜಿನ ಮೇಲಿಟ್ಟೆ.
ಫೆಲೋಶಿಪ್ಪು ನಿಂತು ಐದು ತಿಂಗಳಾಗಿತ್ತು.

ಅಂಗೈಯಗಲದ ತುಂಡೊಂದನ್ನು ಗ್ಲಾಸಿಯಲ್ಲಿ ತೆಗೆದು ತೋರಿಸಿದರು.
ಮುರಕಲ್ಲು ಮುರಕಲ್ಲಾಗಲಿಲ್ಲ, ಐಸ್‌ಕ್ಯಾಂಡಿಯಾಯಿತು.
"ನೀವು ಸ್ಕ್ರೀನಿನಲ್ಲಿ ನೋಡಿದ್ದು ಬೆಳಕು, ಇದು ಶಾಯಿ.
ಎರಡೂ ಒಂದೇ ಅಂತ ಯಾರು ಹೇಳಿದ್ದು?"
ಹಳದಿ ಏರಿಸಿದರು, ಕಪ್ಪು ಒಂದು ಚಿಟಿಕೆ,
ಸಾರಿನ ಉಪ್ಪು ನೋಡುವವರ ಹಾಗೆ ಕಣ್ಣು ಕಿರಿದು ಮಾಡಿ.

ಕೆಂಪು ಬಂತು. ಆದರೆ ಸುರಂಗದ ಬಾಯಿ?
ಆ ಒಂದು ಚಿತ್ರಕ್ಕೆ
ಮೊಣಕಾಲೂರಿ ನಲವತ್ತು ಕೋಲು ಒಳಗೆ ಹೋಗಿದ್ದೆ,
ಮುಂದೆ ಅಂಗಾರಣ್ಣ, ಕೈಯಲ್ಲಿ ಮೇಣದಬತ್ತಿ:
"ಇದು ನಂದಿದರೆ ಎಂತ ಏನು ಕೇಳಬೇಡಿ ಟೀಚರೇ,
ಬಂದ ದಾರಿಯಲ್ಲೇ ಹಿಂದೆ."
ಆ ಕತ್ತಲೆಯ ಮೇಲೆ ಈಗ
ಅಂಗಡಿಯ ಟ್ಯೂಬ್‌ಲೈಟು ಉದ್ದಕ್ಕೆ ಮಲಗಿತ್ತು.
ಕಾಗದ ಓರೆ ಮಾಡಿದೆ.
ಅದೂ ಓರೆಯಾಯಿತು, ಎದ್ದು ಹೋಗಲಿಲ್ಲ.

"ಮ್ಯಾಟ್," ಎಂದೆ.

ಬಲಗಡೆ ಕೆಳಮೂಲೆಯಲ್ಲಿ ಒಂದೇ ಒಂದು ಕನ್ನಡದ ಸಾಲು,
ಉಳಿದದ್ದೆಲ್ಲ ಇಂಗ್ಲಿಷು.
ಅಂಗಾರಣ್ಣನಿಗೆ ಕೃತಜ್ಞತೆ.
ಯಂತ್ರ ಆ ಜ್ಞವನ್ನು ಒಡೆದು,
ಪಾಲಾದ ಅಣ್ಣತಮ್ಮಂದಿರ ಹಾಗೆ
ಜ ಒಂದು ಕಡೆ, ಞ ಒಂದು ಕಡೆ ಕೂರಿಸಿತ್ತು.
ನಾನು ನೋಡಿರಲಿಲ್ಲ.
ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಕೂತ ಉಸ್ಮಾನಿಚ್ಚ
ಬೆರಳಿಟ್ಟು ಕೇಳಿದರು, "ಇದಕ್ಕೆ ಎಲ್ಲಿ ಪೆಟ್ಟಾದ್ದು?"
ಅಕ್ಷರವನ್ನು ಚಿತ್ರ ಮಾಡಿದ ಮೇಲೆಯೇ ಅದು ಕೂಡಿಕೊಂಡದ್ದು.
"ಹದಿನಾಲ್ಕು ಪಾಯಿಂಟು ಸಾಲದು.
ನಾಲ್ಕಡಿ ದೂರ ನಿಂತವನಿಗೆ ಇದು ಇರುವೆ."
ದೊಡ್ಡದು ಮಾಡಲು ಒಂದು ಕೋಷ್ಟಕ ತೆಗೆದೆವು.
ಮಾರ್ಗದರ್ಶಕರು ಇವತ್ತಿಗೂ ಕೇಳಿಲ್ಲ.

ಹೆಸರು ಸರಿಯುಂಟಲ್ಲ ಎಂದು
ಅಂಗಾರಣ್ಣನಿಗೆ ಫೋನು ಮಾಡಿದೆ.
ಹೆಸರಿನ ಬಗ್ಗೆ ಅವರಿಗೆ ಹೇಳಲಿಕ್ಕೇನೂ ಇರಲಿಲ್ಲ.
"ಅದು ಮುಗಿದ ಮೇಲೆ ಎಂತ ಮಾಡ್ತೀರಿ ಅದನ್ನು?"
ಸುತ್ತಿ ಇಡುವುದು.
"ಫ್ಲೆಕ್ಸಾದರೆ ನನಗೆ ಬೇಕಿತ್ತು.
ಕಟ್ಟಿಗೆಗೆ ಹೊದೆಸಿದ್ದು ಕಳೆದ ಎಲೆಕ್ಷನಿನದ್ದು,
ನಡುಮೂಗಿನಲ್ಲೇ ಹರಿದಿದೆ."

ಹೊರಗೆ ಮೀನಿನ ಐಸು ಕರಗಿ ಮೆಟ್ಟಿಲಿಳಿಯುತ್ತಿತ್ತು.
ಸಮ್ಮೇಳನದ ಸೂಚನಾಪತ್ರದ ಏಳನೇ ಸಾಲು:
ಕಾಗದ ಅಥವಾ ಬಟ್ಟೆ ಮಾತ್ರ ಶೋಭಿಸುತ್ತದೆ.
ಓದಿದೆ. ಇನ್ನೊಮ್ಮೆ ಓದಿದೆ.

"ಫ್ಲೆಕ್ಸಿನಲ್ಲಿ ಮ್ಯಾಟ್ ಉಂಟಾ?"
"ಉಂಟು. ಯಾರೂ ಕೇಳುವುದಿಲ್ಲ."
ಅಟ್ಟದಿಂದ ಉರುಳೆ ಇಳಿಸಿ, ಧೂಳು ಒರೆಸಿದರು.

ಯಂತ್ರದ ತಲೆ ಅತ್ತಿತ್ತ ಓಡಿ
ಗುಡ್ಡ ಮೊದಲು ಬಂತು, ಮತ್ತೆ ಬಾಯಿ, ಕಪ್ಪಗೆ, ಹೊಳೆಯದೆ,
ಎಲ್ಲಕ್ಕೂ ಕೊನೆಗೆ ಕೃತಜ್ಞತೆ
ಒದ್ದೆಯಾಗಿ, ಪೈಂಟಿನ ವಾಸನೆ ಹೊತ್ತು.
"ಮೂಲೆಗೆ ಕಣ್ಣು ಹೊಡೆಯಬೇಕಾ?
ಬೋರ್ಡಿಗೆ ಪಿನ್ನು ಸಾಕಲ್ಲ ನಿಮಗೆ, ಹಗ್ಗ ಯಾಕೆ?"

ಹೊಡೆಯಿರಿ, ಎಂದೆ.
ನಾಲ್ಕಲ್ಲ, ಆರು.
ಬಾಯಾರಿನಲ್ಲಿ ಗಾಳಿ ಜೋರು.